ನೆಲಕ್ಕಿಡದ ಚಾಕು

ನಮ್ಮ ಕಡೆ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವರಿಗೂ ಇಸಿದುಕೊಂಡವರಿಗೂ ಜಗಳ ಬೀಳುತ್ತದೆ ಎನ್ನುತ್ತಾರೆ. ಕೊಡುವವರು ನೆಲಕ್ಕಿಡಬೇಕು, ಬೇಕಾದವರು ಬಗ್ಗಿ ಎತ್ತಿಕೊಳ್ಳಬೇಕು. ನಾನೂ ನನ್ನ ಹೆಂಡತಿಯೂ ಇಷ್ಟು ವರ್ಷದ ಸಂಸಾರದಲ್ಲಿ ಜಗಳಕ್ಕೆ ಬೇರೆ ಸಾವಿರ ಕಾರಣ ಕಂಡುಕೊಂಡಿದ್ದೇವೆ, ಆದರೆ ಚಾಕುವಿನ ವಿಷಯದಲ್ಲಿ ಮಾತ್ರ ಇವತ್ತಿಗೂ ತಪ್ಪಿಲ್ಲ. ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಇಡುತ್ತಾಳೆ, ನಾನು ಎತ್ತಿಕೊಳ್ಳುತ್ತೇನೆ, ಆಮೇಲೆ ಇಬ್ಬರೂ ಬೇರೆ ಯಾವುದೋ ಕಾರಣಕ್ಕೆ ಜಗಳಾಡುತ್ತೇವೆ.

ಹೀಗಿರುವ ಸೀಮೆಯಲ್ಲಿ ಮೊಬೈಲಿನೊಳಗೆ ಚಾಕು ಕೊಡುವುದು ಹೇಗೆ, ಕೊಳ್ಳುವುದು ಹೇಗೆ?

ನಾನು ಬೀದರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಮನೆ ಚಿದ್ರಿಯಲ್ಲಿ. ಶಾರ್ಪನರಿನಲ್ಲಿ ತಿರುವಿದ ಪೆನ್ಸಿಲ್ಲನ್ನು ನಾನು ಪೆನ್ಸಿಲ್ ಎಂದು ಒಪ್ಪುವುದಿಲ್ಲ. ಚಾಕುವಿನಿಂದ ಹೆರೆದು, ಮೊನೆ ಉದ್ದಕ್ಕೆ ಬಂದರೆ ಮಾತ್ರ ಗೆರೆಗೆ ಜೀವ ಬರುತ್ತದೆ. ಹಾಗೆ ಒಂದು ಮಡಚುವ ಚಾಕುವಿನಿಂದ ಶುರುವಾದ ಹುಚ್ಚು, ಅಲಮಾರಿಯ ಒಂದು ಖಾನೆ ತುಂಬುವವರೆಗೆ ಬೆಳೆಯಿತು. ಕೋಡಿನ ಹಿಡಿಯವು, ಹಿತ್ತಾಳೆ ಹಿಡಿಯವು, ಹೈದರಾಬಾದಿನಿಂದ ಬಂದವು, ಯಾವುದೋ ಊರಿನ ಕಮ್ಮಾರ ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದವು.

"ಕಾಯಿಪಲ್ಯ ಹೆಚ್ಚಲಿಕ್ಕ ಒಂದಾರ ಕೊಡ್ರಿ ಅಂದ್ರ ಕೊಡಲ್ಲ. ಅಲಮಾರಿಯೊಳಗ ಕೂಸಿನಂಗ ಮಲಗಿಸ್ಯಾರ," ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಇಂಥ ಹುಚ್ಚರು ನಾನೊಬ್ಬನೇ ಅಲ್ಲ ಎಂದು ತಿಳಿದದ್ದು ಮೊಬೈಲ್ ಬಂದ ಮೇಲೆ. ಭಾಲ್ಕಿಯ ಕಿರಾಣಿ ಅಂಗಡಿಯ ಸಾಹುಕಾರರೊಬ್ಬರು ಒಂದು ವಾಟ್ಸಾಪ್ ಗುಂಪು ಮಾಡಿದ್ದರು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಮೃದು ಮಾತು, ಆದರೆ ಹಳೆಯ ಚಾಕು ಕಂಡರೆ ಗಿರಾಕಿಯನ್ನೂ ಮರೆಯುವ ಮನುಷ್ಯ. ಬೀದರಿನವರು, ಔರಾದಿನವರು, ಗಡಿಯಾಚೆ ಉದಗೀರಿನವರು ಎಲ್ಲ ಸೇರಿ ಒಂದು ಬಸ್ಸು ತುಂಬುವಷ್ಟು ಮಂದಿ ಇದ್ದೆವು. ಕೈಗೆ ಕೊಡಬಾರದೆಂಬ ರೂಢಿಗೆ ಸಾಹುಕಾರರೇ ದಾರಿ ಕಂಡುಹಿಡಿದರು. ಮಾರುವವನು ಚಾಕುವನ್ನು ನೆಲದ ಮೇಲಿಟ್ಟು ಫೋಟೋ ತೆಗೆದು ಹಾಕಬೇಕು. ಬೇಕಾದವನು "ಎತ್ತಿಕೊಂಡೆ" ಎಂದು ಬರೆಯಬೇಕು. ಅಷ್ಟೇ. ಮೊದಲು ಬರೆದವನಿಗೆ ಚಾಕು.

ಉಳಿದ ಮರ್ಯಾದೆಗಳನ್ನು ಸೇರಿಸಿದವನು ನಾನು. ಮಾಸ್ತರಿಕೆಯ ಚಟ ಎಲ್ಲಿ ಹೋದೀತು? ಅಲಗು ಅಂಗೈ ಮೀರಿರಬಾರದು. ಪೊಲೀಸರ ಕಣ್ಣಿಗೆ ಬೀಳುವ ಸರಕು ನಮಗೆ ಬೇಡ. ಸೊಟ್ಟು, ತುಕ್ಕು, ಬಿರುಕು ಮೊದಲು ಹೇಳಬೇಕು, ಹೊಗಳಿಕೆ ಆಮೇಲೆ. "ಇದು ನಿಮ್ಮ ಮನೆಯದೇ?" ಎಂದು ಯಾರಾದರೂ ಕೇಳಿದರೆ ಸಿಟ್ಟಾಗದೆ ಉತ್ತರ ಕೊಡಬೇಕು. ಒಬ್ಬ ಎತ್ತಿಕೊಂಡ ಮೇಲೆ ಇನ್ನೊಬ್ಬ "ಅಯ್ಯೋ, ನಾನು ಹೆಚ್ಚು ಕೊಡುತ್ತಿದ್ದೆ" ಎಂದು ಹೊಟ್ಟೆ ಉರಿಸಬಾರದು. ಎಲ್ಲಕ್ಕಿಂತ ದೊಡ್ಡದು: ಎತ್ತಿದ ಮೇಲೆ ಎತ್ತಿದ್ದೇ. ಮರಳಿ ಕೇಳಬಾರದು, ಮರಳಿ ಕೊಡಬಾರದು. ಬೀದರಿನ ಹಳೆ ಊರಿನ ವ್ಯಾಪಾರಿ, ನಾವೆಲ್ಲ ಭಾಯಿ ಎಂದು ಕರೆಯುತ್ತಿದ್ದವನು, ಒಮ್ಮೆ ಒಂದು ಚಾಕು ಎತ್ತಿಕೊಂಡ ಮೇಲೆ ಅದರ ಮಡಿಕೆ ಸಡಿಲವೆಂದು ವಾಪಸ್ ಕೊಡಲು ಹೊರಟ. ಫೋಟೋದಲ್ಲಿ ಆ ಸಡಿಲು ಎದ್ದು ಕಾಣುತ್ತಿತ್ತು. ಎಲ್ಲರೂ ಓದುವ ಹಾಗೆ ಗುಂಪಿನಲ್ಲೇ ಬರೆದೆ: "ಫೋಟೋ ನೋಡಿ ಎತ್ತಬೇಕು, ಭಾಯಿ. ಕಣ್ಣಿರೋದು ಯಾಕ?" ಅವನು ಚಾಕು ಇಟ್ಟುಕೊಂಡ. ನನಗೆ ಎರಡು ದಿನ ಊಟ ರುಚಿಸಿತು.

ಆಮೇಲೆ ಮಳೆ ಕೈಕೊಟ್ಟ ವರ್ಷಗಳು ಬಂದವು.

ಬೀದರಿನಲ್ಲಿ ನಳಕ್ಕಿಂತ ಟ್ಯಾಂಕರಿನ ಮುಖ ನೋಡುವುದೇ ಹೆಚ್ಚಾಯಿತು. ಔರಾದ ಕಡೆಯಿಂದ ಬರುವ ಬಸ್ಸುಗಳ ಟಾಪಿನ ಮೇಲೆ ಗಂಟುಗಳು, ಹಂಡೆಗಳು, ಸುತ್ತಿದ ಚಾಪೆಗಳು. ಗುಂಪಿನಲ್ಲೂ ಗಾಳಿ ಬದಲಾಯಿತು. ಅದುವರೆಗೆ ನಾವು ಹವ್ಯಾಸದವರೇ ಒಬ್ಬರದನ್ನು ಒಬ್ಬರು ಎತ್ತಿಕೊಂಡು ಆಟವಾಡುತ್ತಿದ್ದೆವು. ಈಗ ಯಾರ ಯಾರದೋ ಪರಿಚಯದಿಂದ ಹಳ್ಳಿಯವರು ಒಳಗೆ ಬಂದರು, ಮನೆಯಲ್ಲಿ ಬಹಳ ಕಾಲದಿಂದ ಇದ್ದ ಚಾಕುಗಳನ್ನು ಹಾಕಿದರು. ನೆಲದ ಮೇಲೆ ಇಡಲೇಬೇಕೆಂಬ ಕಾಯಿದೆಯಿಂದ ನಾನು ಆ ಬೇಸಿಗೆ ಅರ್ಧ ಜಿಲ್ಲೆಯ ಮನೆಗಳ ನೆಲ ನೋಡಿದೆ. ಸಗಣಿ ಸಾರಿಸಿದ ನೆಲ, ಫರ್ಸಿ ಕಲ್ಲು ಹಾಕಿದ ನೆಲ, ಮೂಲೆಯಲ್ಲಿ ಕಟ್ಟಿಟ್ಟ ಗಂಟಿನ ಒಂದು ತುದಿ. ನೋಡಿ ಸಂಕಟವಾಗುತ್ತಿತ್ತು. ಸಂಕಟವಾದರೂ ಬೆರಳು ಸುಮ್ಮನಿರುತ್ತಿರಲಿಲ್ಲ. ಚಲೋ ಚಾಕು ಬಂದರೆ ಎತ್ತಿಕೊಳ್ಳುತ್ತಿದ್ದೆ. ನಾವು ಎತ್ತಿಕೊಂಡರೆ ಅವರಿಗೂ ಒಂದು ಅನುಕೂಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ.

ಒಂದು ಮಧ್ಯಾಹ್ನ ಠಾಣಾ ಕುಶನೂರಿನ ಒಬ್ಬ ಹುಡುಗ, ಹುಡುಗನೆಂದರೆ ಮದುವೆಯಾದ ಗಂಡಸೇ, ಒಂದು ಫೋಟೋ ಹಾಕಿದ. ಎಮ್ಮೆ ಕೋಡಿನ ಹಿಡಿ, ಕೈ ಸವರಿ ಸವರಿ ಕನ್ನಡಿಯಾಗಿತ್ತು. ಹಿತ್ತಾಳೆಯ ಮೊಳೆಗಳು. ಅಲಗು ಮಸೆದು ಮಸೆದು ಹುಣಸೆಕಾಯಿಯ ಹಾಗೆ ಒಂದು ಬದಿಗೆ ಬಾಗಿತ್ತು. "ನಮ್ಮ ಮನೀದೇ ರೀ. ಬಹಳ ಹಳೇದು," ಎಂದು ಬರೆದಿದ್ದ. ನಾನು ಎರಡನೇ ಸಲ ನೋಡಲಿಲ್ಲ. "ಎತ್ತಿಕೊಂಡೆ" ಎಂದು ಒತ್ತಿದೆ. ನನ್ನ ಹಿಂದೆಯೇ ಭಾಯಿಯ "ಎತ್ತಿಕೊಂಡೆ" ಬಂತು, ತಡವಾಯಿತೆಂದು ತಿಳಿದು ಅಳಿಸಿಹಾಕಿದ. ಆವತ್ತೂ ಊಟ ರುಚಿಸಿತು.

ಮರುದಿನ ಆ ಹುಡುಗ ಬೀದರ ಬಸ್ ಸ್ಟ್ಯಾಂಡಿಗೆ ಬಂದು, ಜನರ ಓಡಾಟ ಇಲ್ಲದ ಕಡೆ, ಕರವಸ್ತ್ರ ಹಾಸಿ ಚಾಕು ನೆಲಕ್ಕಿಟ್ಟ. ನಾನು ಎತ್ತಿಕೊಂಡೆ. ಆಡಿದ ರೊಕ್ಕ ಕೊಟ್ಟೆ.

"ಪುಣೆಕ್ಕ ಹೊಂಟೀವ್ರಿ ಸರ್, ಬಿಲ್ಡಿಂಗ್ ಕೆಲಸಕ್ಕ. ದಾರ್ಯಾಗ ಪೊಲೀಸರು ಗಂಟು ಬಿಚ್ಚಿಸಿ ನೋಡಿದ್ರ ಚಾಕೂ ಯಾಕಂತಾರ. ಸುಮ್ಮನ ತ್ರಾಸು," ಎಂದ. ಚಿದ್ರಿಯಲ್ಲಿ ನನ್ನ ಮನೆ ಎಲ್ಲಿ ಎಂದು ಕೇಳಿಕೊಂಡು, ಯಾಕೆ ಕೇಳಿದನೆಂದು ಹೇಳದೆ, ತಿರುಗಿ ಊರಿನ ಬಸ್ಸು ಹತ್ತಿದ.

ಮನೆಗೆ ಬಂದವನೇ ಚಾಕುವಿಗೆ ಸ್ನಾನ ಮಾಡಿಸಿದೆ. ಹಳೆಯ ಬಟ್ಟೆಯಿಂದ ತುಕ್ಕು ಒರೆಸಿ, ಹೆಂಡತಿಯ ಹೊಲಿಗೆ ಮಷಿನ್ನಿನ ಎಣ್ಣೆ ಕದ್ದು, ಮಡಿಕೆಯೊಳಗೆ ಧಾರಾಳವಾಗಿ ಬಿಟ್ಟೆ. ಅಲಗು ಈಗ ಸದ್ದಿಲ್ಲದೆ ತೆರೆಯುತ್ತಿತ್ತು. ಅಲಮಾರಿಯಲ್ಲಿ ಎಲ್ಲಕ್ಕೂ ಮುಂದೆ ಮಲಗಿಸಿದೆ.

ಒಂದೆರಡು ದಿನ ಕಳೆದಿರಬೇಕು. ಬೆಳಗಿನ ಹೊತ್ತು ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಕಚ್ಚೆ ಹಾಕಿ ಉಟ್ಟ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಬಸ್ಸಿಳಿದು, "ಚಿತ್ರ ತೆಗೆಯೋ ಮಾಸ್ತರರ ಮನಿ" ಕೇಳುತ್ತ ನಡೆದೇ ಬಂದಿದ್ದಳು. ನೀರು ಕೊಟ್ಟರೆ ಅರ್ಧ ಕುಡಿದು, ಉಳಿದದ್ದನ್ನು ಚೆಲ್ಲದೆ ತಂಬಿಗೆಯಲ್ಲೇ ಬಿಟ್ಟಳು.

"ನಾ ಕುಶನೂರಾಕಿ ರೀ. ಆ ಚಾಕೂ ಹಾಕಿದ ಹುಡುಗನ ಆಯಿ. ಅವರಪ್ಪನ್ನ ಹಡದಾಕಿ," ಎಂದಳು. "ಚಾಕೂ ಬೇಕಾಗಿತ್ರಿ ಮಾಸ್ತರ್ರ."

"ಆಯಿ, ಅದು ಎತ್ತಿಕೊಂಡಾಗ್ಯದ. ಮರಳಿ ಕೇಳಬಾರದು ಅಂತ ನಮ್ಮಲ್ಲಿ ಕಾಯಿದೆ ಅದ," ಎಂದೆ.

"ನಂಗ ಬ್ಯಾಡ್ರಿ. ನನ್ನ ಮೊಮ್ಮಗನ ಹೆಂಡತಿಗೆ."

ಅವಳು ಹೇಳಿದ್ದು ಇಷ್ಟು. ಕೈಯಲ್ಲಿ ಬಲವಿದ್ದಷ್ಟು ಕಾಲ ಅವಳು ಊರಿನ ಸೂಲಗಿತ್ತಿ. ಕುಶನೂರಿನ ಎಷ್ಟೋ ಮಂದಿಯ ಹೊಕ್ಕಳಬಳ್ಳಿ ಕೊಯ್ದದ್ದು ಆ ಚಾಕು. ಆಮೇಲೆ ಎಲ್ಲರೂ ದವಾಖಾನೆಗೆ ಹೋಗತೊಡಗಿದರು. ಒಳ್ಳೆಯದೇ ಆಯಿತು ಎಂದು ಅವಳೇ ಅಂದಳು. ಚಾಕು ಮಾತ್ರ ಬಾಣಂತಿಯರ ದಿಂಬಿನ ಕೆಳಗೆ ಮನೆಯಿಂದ ಮನೆಗೆ ಓಡಾಡುತ್ತಿತ್ತು. ಕೂಸು ಬೆಚ್ಚಬಾರದು, ತಾಯಿ ಹೆದರಬಾರದು ಎಂದು ಕಬ್ಬಿಣ ಇಡುವುದು ನಮ್ಮಲ್ಲಿ ಎಲ್ಲ ಮನೆಗೂ ಗೊತ್ತಿದ್ದದ್ದೇ. ಮೊಮ್ಮಗನ ಹೆಂಡತಿ ಮೆಹಕರದ ಹುಡುಗಿ. ಮೊದಲ ಸಲ ಹೊಟ್ಟೆ ನಿಲ್ಲಲಿಲ್ಲ. ಈಗ ದಿನ ತುಂಬುತ್ತ ಬಂದಿವೆ. ಹಸಿರು ಬಳೆ ಇಡಿಸಿದ ದಿನ ಮುದುಕಿ ಆ ಚಾಕುವನ್ನು ನೆಲಕ್ಕಿಟ್ಟಿದ್ದಳು, ಹುಡುಗಿ ಎತ್ತಿಕೊಂಡಿದ್ದಳು. ಈಗ ಪುಣೆಯಲ್ಲಿ ತಗಡಿನ ಶೆಡ್ಡಿನಲ್ಲಿ, ಗುರುತಿಲ್ಲದ ಜನರ ನಡುವೆ ಬಾಣಂತನ.

"ದವಾಖಾನಿಗೇ ಒಯ್ತೇವ್ರಿ, ನಾನೇ ಜೋಡಿ ಹೊಂಟೀನಿ. ಚಾಕೂ ಏನು ಹೆರಿಗಿ ಮಾಡಸ್ತದೇನ್ರಿ? ಧೈರ್ಯಕ್ಕ. ಅದು ಹೋದಾಗಿಂದ ಹುಡುಗಿ ರೊಟ್ಟಿ ಮುಟ್ಟಿಲ್ಲ. ಇವತ್ತ ಸಂಜಿ ಭಾಲ್ಕ್ಯಾಗ ರೈಲು."

ಪಾಪ ಎನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಭಾಯಿಯ ಮುಖವೂ ಕಣ್ಣ ಮುಂದೆ ಬಂತು. ಎಲ್ಲರೆದುರು ಅವನಿಗೆ ಕಾಯಿದೆ ಓದಿದವನು ನಾನು. ಈಗ ನಾನೇ ಮುರಿದರೆ? "ಆಯಿ, ಒಬ್ಬರಿಗೆ ಮುರಿದ್ರ ಎಲ್ಲರಿಗೂ ಮುರೀಬೇಕಾಗ್ತದ" ಎಂದು ಶುರು ಮಾಡಿದೆ. ಒಳಗೆ ಅಡುಗೆಮನೆಯಲ್ಲಿ ಪಾತ್ರೆ ದಢಾರನೆ ಬಿತ್ತು.

"ಕಾಯಿದೆ ಹೇಳ್ತಾರ ನೋಡು, ಡೀಸಿ ಸಾಹೇಬರು!" ಹೆಂಡತಿಯ ದನಿ.

ಸಿಟ್ಟು ಬಂತು. ನಾನು ಮೋಸಗಾರನಲ್ಲ ಎಂದು ಮುದುಕಿಗೆ ತೋರಿಸಬೇಕಿತ್ತು. ಮೊಬೈಲ್ ತೆಗೆದು ಆ ಫೋಟೋ ಅವಳ ಮುಂದೆ ಹಿಡಿದೆ. "ನೋಡು ಆಯಿ, ನಿನ್ನ ಮೊಮ್ಮಗನೇ ಹಾಕ್ಯಾನ. ನಮ್ಮ ಮನೀದೇ ಅಂತ ಅವನೇ ಬರದಾನ."

ಮುದುಕಿ ಮೊಬೈಲನ್ನು ಕಣ್ಣಿನ ಹತ್ತಿರ ತಂದುಕೊಂಡಳು. ದೂರ ಹಿಡಿದಳು. ಮತ್ತೆ ಹತ್ತಿರ ತಂದಳು. ಚಾಕುವಿನ ಮಾತೇ ಆಡಲಿಲ್ಲ.

"ಅಯ್ಯ ನನ ಕೂಸ, ಇದು ನಮ್ಮ ಹುಡುಗಿ ಕೈ ಅಲ್ಲೇನ್ರಿ," ಎಂದಳು.

ನಾನು ಮೊಬೈಲ್ ಇಸಿದುಕೊಂಡು ನೋಡಿದೆ. ಚಾಕು ನೆಲದ ಮೇಲೆ ಇರಲಿಲ್ಲ. ಒಂದು ಹೆಣ್ಣಿನ ಅಂಗೈಯಲ್ಲಿತ್ತು. ಮಣಿಕಟ್ಟಿನ ತುಂಬ ಹಸಿರು ಗಾಜಿನ ಬಳೆಗಳು, ಫೋಟೋದ ಅಂಚಿನಲ್ಲಿ ಅರ್ಧ ಕತ್ತರಿಸಿದ ಹಾಗೆ. ಸೇವೆಯಲ್ಲಿದ್ದಷ್ಟೂ ವರ್ಷ ನಾನು ಮಕ್ಕಳಿಗೆ ಕೈ ಬರೆಯುವುದನ್ನು ಕಲಿಸಿದವನು. ಕೊಡುವ ಕೈಯ ಬೆರಳು ಹೇಗಿರುತ್ತವೆ, ಹಿಡಿದ ಕೈಯ ಬೆರಳು ಹೇಗಿರುತ್ತವೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದವನು. ಈ ಬೆರಳುಗಳು ತೋರಿಸುತ್ತಿರಲಿಲ್ಲ. ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಹೆಬ್ಬೆರಳು ಹಿಡಿಯ ಮೇಲೆ ಒತ್ತಿಕೊಂಡಿತ್ತು. ಗಂಡ ಫೋಟೋ ತೆಗೆಯುತ್ತಿರುವಾಗಲೂ ಅವಳು ಅದನ್ನು ಬಿಟ್ಟಿರಲಿಲ್ಲ.

"ನೆಲಕ್ಕಿಡು ಅಂದ್ರ ಆಕಿ ಇಡಲಿಲ್ಲಂತ್ರಿ. ಅದಕ್ಕ ಕೈಯಾಗೇ ಫೋಟೋ ಹೊಡದಾನ. ಆಮ್ಯಾಲ ಆಕಿ ಮಲಗಿದಾಗ ತಗೊಂಡು ಬಂದಾನ," ಮುದುಕಿ ಹೇಳುತ್ತಿದ್ದಳು.

ಒಂದು ಬಸ್ಸು ತುಂಬುವಷ್ಟು ಮಂದಿ ಆ ಫೋಟೋ ನೋಡಿದ್ದೆವು. ಎಲ್ಲರೂ ಕೋಡು ನೋಡಿದೆವು, ಮೊಳೆ ನೋಡಿದೆವು. ಕೈ ಯಾರೂ ನೋಡಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಅಲ್ಲೇ ಕುಳಿತು ಗುಂಪಿನಲ್ಲಿ ಬರೆದೆ: "ಕುಶನೂರಿನ ಚಾಕುವನ್ನು ನೆಲಕ್ಕಿಟ್ಟಿರಲಿಲ್ಲ. ಫೋಟೋದಲ್ಲಿ ಅದು ಒಬ್ಬಳ ಕೈಯಲ್ಲಿದೆ. ಕೈಯಲ್ಲಿದ್ದದ್ದನ್ನು ಎತ್ತಿಕೊಳ್ಳಲು ಬರುವುದಿಲ್ಲ. ಆದ್ದರಿಂದ ನಾನು ಎತ್ತಿಕೊಂಡದ್ದು ನಡೆಯುವುದಿಲ್ಲ. ಅವಳು ದಿನ ತುಂಬಿದ ಬಸುರಿ, ಇವತ್ತು ಸಂಜೆ ಭಾಲ್ಕಿಯಲ್ಲಿ ರೈಲು ಹತ್ತುತ್ತಾಳೆ, ಚಾಕು ಅಲ್ಲಿಗೆ ವಾಪಸ್ ಹೋಗುತ್ತದೆ."

ಮೊದಲು ಬಂದದ್ದು ಭಾಯಿಯ ಮಾತು.

"ಫೋಟೋ ನೋಡಿ ಎತ್ತಬೇಕು, ಮಾಸ್ತರ್ ಸಾಬ್. ಕಣ್ಣಿರೋದು ಯಾಕ?"

ಬೇಕಾಗಿತ್ತು ನನಗೆ. ಸ್ವಲ್ಪ ಹೊತ್ತಿಗೆ ಅವನದೇ ಇನ್ನೊಂದು ಬಂತು: "ನಾನೂ ನೋಡಲಿಲ್ಲ. ಜಲ್ದಿ ಕೊಟ್ಟು ಬರ್ರಿ. ಅಲ್ಲಾ ಆಕೀನ್ನ ಸುಖವಾಗಿ ಇಡಲಿ."

ಅಲಮಾರಿಯಿಂದ ಚಾಕು ತಂದು ಮುದುಕಿಯ ಮುಂದೆ ನೆಲಕ್ಕಿಟ್ಟೆ. ಅವಳು ಸೆರಗಿನ ಗಂಟು ಬಿಚ್ಚಿ, ಮೊಮ್ಮಗನಿಗೆ ನಾನು ಕೊಟ್ಟಿದ್ದ ನೋಟುಗಳನ್ನು ಇಟ್ಟಳು. ಬೇಡವೆಂದರೆ ಅವಳಿಗೆ ಅವಮಾನ, ಎಣಿಸದೆ ಇಸಿದುಕೊಂಡೆ. ಆದರೆ ಚಾಕುವನ್ನು ಅವಳು ಮುಟ್ಟಲಿಲ್ಲ.

"ನಾ ಎತ್ತಬಾರದ್ರಿ. ನಾ ಆಕಿಗಿ ಕೊಟ್ಟಾಗ್ಯದ. ಕೊಟ್ಟದ್ದು ತಿರುಗಿ ಎತ್ತಿದ್ರ ಏನು ಛಂದ? ಆಕೀನೇ ಎತ್ತಬೇಕು."

ನನ್ನನ್ನೂ ಮೀರಿಸುವ ಕಾಯಿದೆಯವಳು! ಹೆಂಡತಿ ಒಳಗಿನಿಂದ ನನ್ನ ಅಂಗಿ ತಂದು ಎಸೆದಳು. ಮುದುಕಿಗೆ ಎರಡು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಳು. ಚಾಕುವನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು ನಾನೂ ಮುದುಕಿಯೂ ಭಾಲ್ಕಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ಬರಿದಾದ ಹೊಲಗಳನ್ನು ತೋರಿಸಿ, ಇದು ಇಂಥವರದು, ಇವರ ಮನೆಯ ಕೂಸು ಕಾಲು ಮುಂದಾಗಿ ಬಂದಿತ್ತು, ಈಗ ಮುಂಬೈಯಲ್ಲಿ ರಿಕ್ಷಾ ಓಡಿಸುತ್ತಾನೆ ಎಂದು ಹೇಳುತ್ತಿದ್ದಳು.

ಭಾಲ್ಕಿ ಸ್ಟೇಷನ್ನಿನಲ್ಲಿ ಕಿರಾಣಿ ಸಾಹುಕಾರರು ಅಂಗಡಿ ಬಿಟ್ಟು ಬಂದು ನಿಂತಿದ್ದರು. ಗುಂಪಿನ ಪರವಾಗಿ ಒಬ್ಬರು ಇರಲಿ ಎಂದು ಬಂದೆ ಎಂದರು. ಕೈಯಲ್ಲಿ ಒಣ ಖರ್ಜೂರ, ಕೊಬ್ಬರಿ ಬಟ್ಟಲಿನ ಪೊಟ್ಟಣ, ಬಾಣಂತಿಗೆ. ಪ್ಲಾಟ್‌ಫಾರ್ಮಿನ ತುಂಬ ಗಂಟುಗಳು, ಗಂಟುಗಳ ಮೇಲೆ ಕುಳಿತ ಜನ. ಕುಶನೂರಿನ ಹುಡುಗ ನನ್ನನ್ನು ಕಂಡು ತಲೆ ತಗ್ಗಿಸಿದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಪರಊರು, ಪೊಲೀಸರು, ದಿನ ತುಂಬಿದ ಹೆಂಡತಿ. ಅವನ ತಲೆಯಲ್ಲಿ ಎಷ್ಟು ಇದ್ದವೋ. ಅವನ ಪಕ್ಕದಲ್ಲಿ, ಸುತ್ತಿದ ಹಾಸಿಗೆಗೆ ಒರಗಿ, ಆ ಕೈಯವಳು ನಿಂತಿದ್ದಳು. ಹಸಿರು ಬಳೆ ನೋಡಿಯೇ ಗುರುತು ಹಿಡಿದೆ.

ಕರವಸ್ತ್ರ ಬಿಚ್ಚಿ ಅವಳ ಮುಂದೆ ಹಾಸಿ, ಚಾಕು ಇಟ್ಟು ಹಿಂದೆ ಸರಿದೆ.

ಅವಳು ಬಗ್ಗಲು ನೋಡಿದಳು. ಆಗಲಿಲ್ಲ. ಹೊಟ್ಟೆ ಅಷ್ಟು ತುಂಬಿತ್ತು. ಸೊಂಟಕ್ಕೆ ಕೈಕೊಟ್ಟು ಇನ್ನೊಮ್ಮೆ ನೋಡಿದಳು, ಕಣ್ಣಲ್ಲಿ ನೀರು ಬಂತು. ಗಂಡ ಎತ್ತಿಕೊಡಲು ಕೈ ಚಾಚಿದ. ಮುದುಕಿ ಅವನ ಕೈಗೆ ಒಂದು ಹೊಡೆದಳು: "ನೀ ಮುಟ್ಟಬ್ಯಾಡ! ಒಮ್ಮೆ ಎತ್ತಿ ಇಷ್ಟೆಲ್ಲ ಮಾಡೀದಿ."

ರೈಲು ಬರುವುದನ್ನು ಕೂಗಿ ಹೇಳಿದರು. ಜನ ಎದ್ದು ಗಂಟು ಹೊತ್ತರು. ಯಾರಾದರೂ ತುಳಿದಾರೆಂದು ನಾನೇ ಚಾಕು ಎತ್ತಿ ನಿಂತೆ. ಹುಡುಗಿ ನೇರವಾಗಿ ನನ್ನ ಕಡೆ ಕೈ ಚಾಚಿದಳು.

"ಕೈಯಾಗ ಕೊಟ್ರ ಜಗಳ ಆಗ್ತದ ತಂಗಿ," ಎಂದೆ.

"ಆಗಲಿ ಬಿಡ್ರಿ ಕಾಕಾ," ಎಂದಳು. "ಜಗಳ ಆಡ್ಲಿಕ್ಕಾರ ತಿರುಗಿ ಊರಿಗಿ ಬರ್ತೇನಲ್ಲ."

ಕೊಟ್ಟೆ. ಜನ್ಮದಲ್ಲಿ ಮೊದಲ ಸಲ ಚಾಕುವನ್ನು ಕೈಯಿಂದ ಕೈಗೆ ಕೊಟ್ಟೆ. ಬೆರಳುಗಳು ಫೋಟೋದಲ್ಲಿದ್ದ ಹಾಗೆಯೇ ಒಳಕ್ಕೆ ಮಡಚಿಕೊಂಡವು. ಸಾಹುಕಾರರು ಮುಖ ಆಚೆ ತಿರುಗಿಸಿಕೊಂಡು, ವಿಭೂತಿ ಅಳಿಸಿಹೋಗುವ ಹಾಗೆ ಟವೆಲಿನಿಂದ ಮುಖವೆಲ್ಲ ಒರೆಸಿಕೊಂಡರು.

ಆಮೇಲೆ ಸುದ್ದಿಯಿಲ್ಲ. ಹುಡುಗನ ನಂಬರು ಬದಲಾಯಿತು, ಗುಂಪಿನಿಂದ ತಾನಾಗಿಯೇ ಹೊರಗೆ ಬಿದ್ದ. ಗುಂಪಿನಲ್ಲಿ ಒಂದು ಮರ್ಯಾದೆ ಹೆಚ್ಚಾಯಿತು: ಚಾಕು ನೋಡುವ ಮೊದಲು ಅದರ ಸುತ್ತ ಏನಿದೆ ನೋಡಬೇಕು. ಗಂಟು ಕಂಡರೆ ಒಂದು ಮಾತು ವಿಚಾರಿಸಬೇಕು. ಅದನ್ನು ಸೇರಿಸಿದವನು ಭಾಯಿ. ಭಾಲ್ಕಿಗೆ ಹೋದಾಗಲೆಲ್ಲ ನಾನೂ ಸಾಹುಕಾರರೂ ಅವಳ ಮಾತೆತ್ತುತ್ತಿದ್ದೆವು, ಏನಾಯಿತೋ ಎಂದು ಅರ್ಧಕ್ಕೇ ನಿಲ್ಲಿಸುತ್ತಿದ್ದೆವು. ಹೇಳಿಬಿಡುತ್ತೇನೆ, ನನಗೆ ಹೆದರಿಕೆಯಿತ್ತು.

ಮಳೆ ಚಲೋ ಆದ ವರ್ಷ, ತೊಗರಿ ಹೂಬಿಡುವ ಹೊತ್ತಿಗೆ, ಒಂದು ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಅವಳು. ಕಂಕುಳಲ್ಲಿ ಕೂಸು, ಕೂಸಿನ ಹಣೆಯಲ್ಲಿ ಇಷ್ಟಗಲ ಕಾಡಿಗೆಯ ಬೊಟ್ಟು. ಹಿಂದೆ ಮುದುಕಿ, ಮೆಟ್ಟಿಲ ಮೇಲೆ ಆಗಲೇ ಕುಳಿತು ಕಾಲು ನೀವಿಕೊಳ್ಳುತ್ತಿದ್ದಳು. ಒಳಗೆ ಬಾ ಎನ್ನಲು ಬಾಯಿ ತೆರೆದೆ. ಅವಳೇ ಮೊದಲು ಶುರು ಮಾಡಿದಳು.

"ಏನ್ರಿ ಕಾಕಾ, ಚಾಕೂಕ್ಕ ಅಷ್ಟ್ಯಾಕ ಎಣ್ಣಿ ಹಚ್ಚಿದ್ರಿ? ನನ್ನ ಹೊಸಾ ದಿಂಬೆಲ್ಲ ಕಲಿ ಆತು! ಎಷ್ಟು ಒಗದ್ರೂ ಹೋಗವಲ್ದು. ಯಾರು ಹೇಳಿದ್ರು ನಿಮಗ ಎಣ್ಣಿ ಹಚ್ರಿ ಅಂತ?"

"ಎಣ್ಣಿ ಹಚ್ಚದಿದ್ರ ತುಕ್ಕು ಹಿಡೀತದ. ಚಾಕೂ ಇಟ್ಟುಕೊಳ್ಳೋ ರೀತಿ ಗೊತ್ತೇನು ನಿಂಗ?" ಎಂದು ನಾನೂ ದನಿ ಎತ್ತಿದೆ.

"ದಿಂಬು ಇಟ್ಟುಕೊಳ್ಳೋ ರೀತಿ ನಿಮಗ ಗೊತ್ತೇನ್ರಿ?"

ಹೆಂಡತಿ ಓಡಿಬಂದು, ಜಗಳ ಬಿಡಿಸುವ ಬದಲು, ಅವಳ ಪಕ್ಷ ಸೇರಿಕೊಂಡಳು. ಕದ್ದ ಮಷಿನ್ ಎಣ್ಣೆಯ ಲೆಕ್ಕ ಆವತ್ತು ಹೊರಬಂತು. ಇಬ್ಬರೂ ಸೇರಿ ನನ್ನನ್ನು ಮನಸಾರೆ ಬೈದರು. ಕೂಸು ಗಾಬರಿಯಾಗದೆ ನನ್ನ ಕನ್ನಡಕ ಹಿಡಿದು ಎಳೆಯಿತು. ಚಹಾ ಆಯಿತು, ಉಪ್ಪಿಟ್ಟಾಯಿತು, ಮುದುಕಿಯ ಪುಣೆಯ ಕತೆಗಳಾದವು. ಬಸ್ಸಿನ ಹೊತ್ತಾಯಿತೆಂದು ಎದ್ದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವಳು ತಿರುಗಿ ನೋಡಿದಳು.

"ಜಗಳ ಮುಗೀಲಿಲ್ರಿ ಕಾಕಾ," ಎಂದಳು. "ಮತ್ತ ಬರ್ತೇನಿ."